ತಟಸ್ಥ ದೇಶಕ್ಕೆ ನಮ್ಮ ಮಾವ ಕೊಟ್ಟ ಸಲಹೆ

ಹೋದ ತಿಂಗಳು ಮನೆಯ ಮೆಟ್ಟಿಲಿಗೆ ಹೊಸ ಕಾರ್ಪೆಟ್ ಹಾಕಿಸೋಣವೆಂದು ಲಂಡನ್ನಿನ ಅಂಚಿನ ಅಕ್ಸ್‌ಬ್ರಿಡ್ಜ್‌ನ ಒಂದು ಅಂಗಡಿಗೆ ಹೋದೆ. ಹೊರಗೆ ಮಳೆ. ಬಾಗಿಲು ತಳ್ಳಿದ ಕೂಡಲೇ ಹೊಸ ಉಣ್ಣೆ, ರಬ್ಬರು, ಒದ್ದೆ ಕೊಡೆ ಎಲ್ಲ ಕಲಸಿದ ವಾಸನೆ ಮೂಗಿಗೆ ಬಂತು. ಅಂಗಡಿಯಾತ ಬೂದು ಬಣ್ಣ ಒಂದರಲ್ಲೇ ಎಷ್ಟು ಬಗೆಯಿದೆ ಎಂದು ತೋರಿಸುತ್ತಿದ್ದ. ನಾನು ಹೂಂ ಹೂಂ ಅನ್ನುತ್ತಿದ್ದೆನೇ ಹೊರತು ಗಮನವೆಲ್ಲ ಚಾವಣಿಯ ಕಡೆಗಿತ್ತು. ಆ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಕಾಲಕ್ಕೆ ನಮ್ಮ ಆಫೀಸಿತ್ತು. ಇದೇ ವಾಸನೆ ಮೆಟ್ಟಿಲು ಹತ್ತಿ ಬಂದು ನಮ್ಮ ಕೋಟಿಗೆ, ಸ್ಯಾಂಡ್‌ವಿಚ್ಚಿಗೆ, ಫೈಲಿಗೆ ಅಂಟಿಕೊಳ್ಳುತ್ತಿತ್ತು. ನಮ್ಮ ಮಾವ, ನನ್ನ ಗಂಡನ ತಂದೆ, ಬಂದು ನಮ್ಮಲ್ಲಿ ಇದ್ದುಹೋದ ಆ ಒಂದು ಚಳಿಗಾಲ ನನ್ನ ತಲೆಯಲ್ಲಿ ಇವತ್ತಿಗೂ ಇದೇ ವಾಸನೆಯಲ್ಲಿ ಕೂತಿದೆ. ಪರದೇಶದ ಒಂದು ಸೇನಾ ವಿಮಾನವನ್ನು ಐರ್ಲೆಂಡಿನವರು ಬಾಗಿಲು ತೆಗೆಸಿ ಒಳಗೆ ಹೊಕ್ಕು ನೋಡಿದ್ದು ಆ ಚಳಿಗಾಲದಲ್ಲಿ. ಅದಕ್ಕೆ ಕಾರಣ ಬೆಳಗಾವಿಯ ನಮ್ಮ ಮಾವ.

ನನ್ನ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ವಿಮಾನವೊಂದು ಬೇರೆ ದೇಶದಲ್ಲಿ ಇಳಿದು ಎಣ್ಣೆ ತುಂಬಿಸಿಕೊಳ್ಳಬೇಕಾದರೆ ಆ ದೇಶದ ಅನುಮತಿ ಬೇಕು. ಅದನ್ನು ತರಿಸಿಕೊಡುವುದು ನಮ್ಮ ಪುಟ್ಟ ಕಂಪನಿಯ ಕಸುಬು. ಮದುವೆ ಕುದುರಿಸುವವರು ಎರಡು ಮನೆಗಳ ನಡುವೆ ಓಡಾಡುತ್ತಾರಲ್ಲ, ಹೆಚ್ಚುಕಡಿಮೆ ಅದೇ. ಸೇನೆಯ ವಿಮಾನವಾದರೆ ಮಾತು ಇನ್ನೂ ನಾಜೂಕಾಗಿರಬೇಕು. ಅದರಲ್ಲೂ ಐರ್ಲೆಂಡ್ ತಟಸ್ಥ ದೇಶ. ಯಾರ ಸೇನಾಕೂಟಕ್ಕೂ ಸೇರಿದ್ದಲ್ಲ. ಹಾಗಂತ ಪರದೇಶದ ಸೇನಾ ವಿಮಾನ ಬರಲೇಬಾರದು ಅಂತಲೂ ಇಲ್ಲ. ಬರಬಹುದು, ಆದರೆ ಒಳಗೆ ಆಯುಧ, ಮದ್ದುಗುಂಡು ಇರಕೂಡದು, ಯಾವ ಸೇನಾ ಕಾರ್ಯಾಚರಣೆಗೂ ಹೋಗುತ್ತಿರಕೂಡದು.

ನಮಗೊಂದು ದೊಡ್ಡ ಗಿರಾಕಿ ಇತ್ತು, ದೂರದ ಒಂದು ದೇಶದ ವಾಯುಪಡೆ. ಹೆಸರು ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ಅವರ ಪರವಾಗಿ ಲಂಡನ್ನಿನಲ್ಲಿ ಒಬ್ಬ ಮೇಜರ್ ಸಾಹೇಬರು ವ್ಯವಹರಿಸುತ್ತಿದ್ದರು. ಅವರನ್ನು ನಾನು ಕೇಳುತ್ತಿದ್ದೆ, "ಆಯುಧ ಇದೆಯೇ?" ಅವರು "ಇಲ್ಲ" ಅನ್ನುತ್ತಿದ್ದರು. ನಾನು "ಇಲ್ಲ" ಎಂದು ಬರೆದು ಡಬ್ಲಿನ್ನಿಗೆ ಕಳಿಸುತ್ತಿದ್ದೆ. ಡಬ್ಲಿನ್ನಿನ ಇಲಾಖೆಯಲ್ಲಿ ಓರ್ಲಾ ಎಂಬ ಅಧಿಕಾರಿ ಅದನ್ನು ಓದಿ, ಫೋನ್ ಮಾಡಿ, "ಶೈಲಾ, ಇಲ್ಲ ಅಂತ ಬರೆದಿದ್ದೀರಿ, ಇಲ್ಲ ತಾನೇ?" ಎಂದು ಕೇಳುತ್ತಿದ್ದಳು. "ಇಲ್ಲವಂತೆ" ಅನ್ನುತ್ತಿದ್ದೆ. ಆಮೇಲೆ ಇಬ್ಬರೂ ಎರಡು ದೇಶಗಳ ಮಳೆಯ ಬಗ್ಗೆ ಸ್ವಲ್ಪ ಹೊತ್ತು ಮಾತಾಡುತ್ತಿದ್ದೆವು. ಅನುಮತಿ ಬರುತ್ತಿತ್ತು. ವರ್ಷಗಟ್ಟಲೆ ಹೀಗೇ ನಡೆದಿತ್ತು. ಯಾರಿಗೂ ಏನೂ ಅನ್ನಿಸಿರಲಿಲ್ಲ, ನನಗೂ ಅನ್ನಿಸಿರಲಿಲ್ಲ.

ಆ ಸೆಪ್ಟೆಂಬರಿನಲ್ಲಿ ನನ್ನ ಗಂಡ ಗಿರೀಶನ ಕೆಲಸ ಹೋಯಿತು. ಅವನ ಐಟಿ ಕಂಪನಿ ಅವನ ತಂಡವನ್ನೇ ಮುಚ್ಚಿತು. ನನ್ನದು ಆಗ ಗುತ್ತಿಗೆ ಕೆಲಸ. ಬಾಸ್ ಕಾಲಿನ್, "ಈ ವಾಯುಪಡೆಯವರು ಮುಂದಿನ ವರ್ಷಕ್ಕೂ ನಮ್ಮನ್ನೇ ಇಟ್ಟುಕೊಂಡರೆ ನಿನ್ನನ್ನು ಕಾಯಂ ಮಾಡುತ್ತೇನೆ" ಎಂದಿದ್ದ. ಕಾಲಿನ್ ಒಳ್ಳೆಯವನು, ಆದರೆ ಹೆದರುಪುಕ್ಕಲ. ಫೋನ್ ರಿಂಗಾದರೆ ಮೊದಲು ಒಂದು ಬಿಸ್ಕತ್ತು ಬಾಯಿಗೆ ಹಾಕಿಕೊಂಡು, ಆಮೇಲೆ "ಬಾಯಲ್ಲಿ ಏನೋ ಇದೆ, ನೀನೇ ತಗೋ" ಎಂದು ನನಗೆ ಸನ್ನೆ ಮಾಡುವಂಥವನು.

ಇಂಥ ಹೊತ್ತಿಗೆ ಸರಿಯಾಗಿ, ಮುಂಚೆಯೇ ಟಿಕೆಟ್ ತೆಗೆಸಿದ್ದರಿಂದ, ಮಾವ ಬಂದಿಳಿದರು.

ಮಾವನ ಹೆಸರು ರಾಚಪ್ಪ. ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ಸರ್ವೀಸಿನ ಬಹುಪಾಲು ಮಹಾರಾಷ್ಟ್ರದ ಗಡಿಯ ಚೆಕ್‌ಪೋಸ್ಟಿನಲ್ಲೇ ಕಳೆದಿದ್ದರು. ಅವರು ನಿವೃತ್ತರಾದ ಮೇಲೆ ಸರ್ಕಾರ ಚೆಕ್‌ಪೋಸ್ಟುಗಳನ್ನೇ ಎತ್ತಿಬಿಟ್ಟಿತು. ಆದರೆ ಮಾವನ ಒಳಗಿನ ಚೆಕ್‌ಪೋಸ್ಟನ್ನು ಯಾರೂ ಎತ್ತಿರಲಿಲ್ಲ. ಸೂಪರ್‌ಮಾರ್ಕೆಟ್ಟಿನ ಹುಡುಗ ಸಾಮಾನು ತಂದರೆ ಅವನನ್ನು ಬಾಗಿಲಲ್ಲೇ ನಿಲ್ಲಿಸಿ, ಚೀಟಿ ಹಿಡಿದು, ಒಂದೊಂದೇ ಚೀಲ ಬಿಚ್ಚಿಸುತ್ತಿದ್ದರು. ಮಳೆಯಲ್ಲಿ ನೆನೆಯುತ್ತಾ ಅವನು "ಆಲ್ ಗುಡ್, ಸರ್?" ಅಂದರೆ, "ವೇಟ್" ಅನ್ನುತ್ತಿದ್ದರು. ಮಗಳು ಅನ್ವಿ ದಿನಾ ಬೆಳಿಗ್ಗೆ ಮಹಡಿಯ ಕಡೆ ಮುಖ ಮಾಡಿ ಕೂಗುತ್ತಿದ್ದಳು: "ಅಮ್ಮಾ, ಅಜ್ಜ ಈಸ್ ಚೆಕಿಂಗ್ ಮೈ ಲಂಚ್‌ಬಾಕ್ಸ್ ಅಗೇನ್."

ವಾರದಲ್ಲಿ ಎರಡು ದಿನ ನಾನು ಮನೆಯಿಂದಲೇ, ಊಟದ ಮೇಜಿನ ಮೇಲೆ ಕೆಲಸ ಮಾಡುತ್ತಿದ್ದೆ. ಮಾವ ಎದುರಿನ ಕುರ್ಚಿಯಲ್ಲಿ ಚಹಾ ಹಿಡಿದು ಕೂತು ನನ್ನನ್ನೇ ನೋಡುತ್ತಿದ್ದರು. ಒಂದು ದಿನ ಕೇಳಿದರು.

"ಏನ್ ಕೆಲಸವಾ ಇದು? ದಿನಾ ಆ ಓರ್ಲಾ ಬಾಯಿ ಕೂಡ ಮಳಿ ಸುದ್ದಿ ಮಾತಾಡ್ತಿ."

ನಾನು ಮೈಸೂರಿನವಳು. ಮಾವನ ಮಾತಿನಲ್ಲಿ ಗದರಿಕೆ ಯಾವುದು, ಅಕ್ಕರೆ ಯಾವುದು ಎಂದು ತಿಳಿಯಲು ನನಗೆ ಮದುವೆಯಾದ ಮೇಲೆ ಬಹಳ ದಿನ ಹಿಡಿದಿತ್ತು. ಇದು ಕುತೂಹಲ. ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು ಲೋಟ ಕೆಳಗಿಟ್ಟರು.

"ಅವರು ಆಯುಧ ಇಲ್ಲಂತಾರ. ನೀ ಇಲ್ಲಂತ ಬರೀತಿ. ಆಕಿ ಆತು ಬರ್ರಿ ಅಂತಾಳ. ಹೌದಲ್ಲ?"

"ಹೌದು ಮಾವ."

"ವಿಮಾನ ಯಾರ್ ನೋಡ್ತಾರ?"

"ಯಾರೂ ನೋಡಲ್ಲ. ಅವರ ಮಾತಿನ ಮೇಲೆ ನಂಬಿಕೆ."

"ನಂಬಿಕಿ," ಅಂದರು ಮಾವ. ಆ ಶಬ್ದವನ್ನು ಬಾಯಲ್ಲಿ ಸ್ವಲ್ಪ ಹೊತ್ತು ಆಡಿಸಿದರು. "ಲಾರಿ ಡ್ರೈವರ್‌ಗೆ, ಏನೈತಪಾ ಒಳಗ ಅಂತ ಕೇಳೂದು. ಉಳ್ಳಾಗಡ್ಡಿ ರೀ ಅಂದ್ರ, ಆತು ಹೋಗು ಅನ್ನೂದು. ನಾವು ಹಿಂಗ ಮಾಡಿದ್ರ ಸರ್ಕಾರ ನಮಗ ಪಗಾರ ಯಾಕ ಕೊಡ್ತಿತ್ತು?"

"ಇದು ದೇಶ ದೇಶಗಳ ವಿಷಯ ಮಾವ. ಬೇರೆ ದೇಶದ ಸೇನೆಯ ವಿಮಾನಕ್ಕೆ ಹಾಗೆಲ್ಲ ನುಗ್ಗೋಕಾಗಲ್ಲ. ಅವರು ಒಪ್ಪಬೇಕು."

"ಒಪ್ಪಲಿಲ್ಲಂದ್ರ ಇಳೀಬ್ಯಾಡ ಅನ್ಬೇಕು," ಎಂದು ಚಹಾ ಮುಗಿಸಿ ಎದ್ದುಹೋದರು.

ಅಕ್ಟೋಬರ್ ಕೊನೆಗೆ ಆ ಮೇಜರ್ ಸಾಹೇಬರಿಂದ ಹೊಸ ಕೋರಿಕೆ ಬಂತು. ಅವರ ವಾಯುಪಡೆಯ ಬ್ಯಾಂಡ್ ತಂಡ ಅಟ್ಲಾಂಟಿಕ್ ದಾಟಿ ಒಂದು ಮೆರವಣಿಗೆಗೆ ಹೋಗಲಿದೆ. ದಾರಿಯಲ್ಲಿ ವಿಮಾನ ಐರ್ಲೆಂಡಿನಲ್ಲಿ ಇಳಿದು ಎಣ್ಣೆ ತುಂಬಿಸಿಕೊಳ್ಳುತ್ತದೆ. ಸರಕು: ಸಂಗೀತ ವಾದ್ಯಗಳು. ನಾನು ತೂಕ ನೋಡಿದೆ. ತುತ್ತೂರಿ, ಕೊಳಲು, ನಗಾರಿ ಎಲ್ಲ ಸೇರಿಸಿದರೂ ಒಂದು ಕಾರಿನಷ್ಟಾಗಬಹುದು. ಅಲ್ಲಿ ಬರೆದದ್ದು ಒಂದು ಡಬಲ್ ಡೆಕರ್ ಬಸ್ಸಿನ ತೂಕ. ಮೇಜರರಿಗೆ ಫೋನ್ ಮಾಡಿದೆ.

"ವಾದ್ಯಗಳೇನಾ ಸರ್, ಎಲ್ಲವೂ?"

"ನಮ್ಮದು ದೊಡ್ಡ ಬ್ಯಾಂಡು," ಅಂದರು.

ಕಾಲಿನ್‌ಗೆ ಹೇಳಿದೆ. ಅವನು ಯೋಚಿಸಿ, "ಟ್ಯೂಬಾ ಬಹಳ ಭಾರ ಇರುತ್ತೆ ಶೈಲಾ" ಅಂದ. ಟ್ಯೂಬಾ ಅಂದರೆ ಆನೆಯ ಸೊಂಡಿಲಿನಷ್ಟು ದೊಡ್ಡ ತುತ್ತೂರಿ. ಎಷ್ಟೇ ದೊಡ್ಡದಾದರೂ ಅದು ಬಸ್ಸಲ್ಲ. ಆದರೆ ಮನೆಯಲ್ಲಿ ಗಿರೀಶ ದಿನಕ್ಕೆರಡು ಇಂಟರ್‌ವ್ಯೂ ಕೊಟ್ಟು ಸೋತು ಕೂತಿದ್ದ. ಮೇಜರ್ ಹೇಳಿದ್ದನ್ನೇ ಬರೆದು ಕಳಿಸಿದೆ.

ಮರುದಿನ ಶುಕ್ರವಾರ. ಮನೆಯಲ್ಲಿದ್ದೆ. ಮಧ್ಯಾಹ್ನ ಬಿಸಿಲು ಕಂಡಿತೆಂದು ಹಿತ್ತಲಲ್ಲಿ ಬಟ್ಟೆ ಹರವಿದ್ದೆ. ಊಟ ಮುಗಿಯುವಷ್ಟರಲ್ಲಿ ಮಳೆ ಹಿಡಿಯಿತು. ಆಫೀಸಿನ ಮೊಬೈಲನ್ನು ಮೇಜಿನ ಮೇಲೆ ಬಿಟ್ಟು ಓಡಿದೆ. ಒದ್ದೆ ಯೂನಿಫಾರಂ, ಪಂಚೆ ಎಲ್ಲ ಬಾಚಿಕೊಂಡು ಒಳಗೆ ಬರುವಾಗ ಮಾವನ ದನಿ ಕೇಳಿಸಿತು. ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಅವರ ಇಂಗ್ಲಿಷೆಂದರೆ ಸರ್ಕಾರಿ ಪತ್ರದ ಇಂಗ್ಲಿಷು. ಕನ್ನಡಕ್ಕೆ ತಂದರೆ ಹೀಗಿರುತ್ತದೆ.

"ಮೇಡಂ, ತಮ್ಮ ಸಂಶಯ ಸಮಂಜಸವಾಗಿದೆ. ಹೇಳಿಕೆಯೇ ಬೇರೆ, ತಪಾಸಣೆಯೇ ಬೇರೆ. ಸರಕನ್ನು ಖುದ್ದಾಗಿ ಪರಿಶೀಲಿಸದೆ ಮುಂದಕ್ಕೆ ಬಿಡುವುದು ಉಚಿತವಲ್ಲವೆಂದು ನನ್ನ ಅಭಿಪ್ರಾಯ. ಮೇಲಿನ ಪದರ ನೋಡಿ ಸಮಾಧಾನಪಡಕೂಡದು. ಕೆಳಗಿನದನ್ನು ತೆಗೆಸತಕ್ಕದ್ದು."

ಬಟ್ಟೆಯ ರಾಶಿ ಹೊತ್ತು ಬಾಗಿಲಲ್ಲೇ ನಿಂತುಬಿಟ್ಟೆ. ಮಾವ ನನ್ನನ್ನು ನೋಡಿ, ಸುಮ್ಮನಿರು ಎಂದು ಕೈ ಮಾಡಿ, ಮುಂದುವರಿಸಿದರು. "ರಾಚಪ್ಪ. ಆರ್, ಎ, ಸಿ, ಎಚ್. ಹೌದು ಮೇಡಂ, ಇನ್‌ಸ್ಪೆಕ್ಟರ್. ನಮಸ್ಕಾರ."

"ಮಾವ, ಯಾರ ಹತ್ರ ಮಾತಾಡಿದ್ರಿ?"

"ಓರ್ಲಾ ಬಾಯಿ. ಪಾಪ, ಆಕಿಗೂ ಆ ತೂಕದ ಮ್ಯಾಲೆ ಡೌಟ್ ಬಂದೈತಿ. ನೀ ಹಿತ್ತಲದಾಗ ಅದಿ ಅಂದೆ. ನಿಮ್ಮ ಅಭಿಪ್ರಾಯ ಏನ್ರಿ ಅಂತ ಕೇಳಿದ್ಳು. ಕೇಳಿದ ಮ್ಯಾಲೆ ಹೇಳಬೇಕಲ್ಲ?"

"ನಿವೃತ್ತ ಅಂತ ಹೇಳಿದ್ರಾ?"

"ಹೇಳೀನಿ. ನಿನ್ನ ಮಾವ ಅಂತ ಮೊದಲೇ ಹೇಳೀನಿ."

ತಿರುಗಿ ಫೋನ್ ಮಾಡಿದೆ. ಡಬ್ಲಿನ್ನಿನ ಕಚೇರಿ ವಾರಾಂತ್ಯಕ್ಕೆ ಮುಚ್ಚಿತ್ತು.

ಆ ಭಾನುವಾರ ಸ್ಟ್ಯಾನ್ಮೋರ್‌ನಲ್ಲಿ ಸ್ನೇಹಿತರ ಮನೆಯಲ್ಲಿ ದೀಪಾವಳಿ ಊಟ. ದೊಡ್ಡ ಮನೆ, ದೊಡ್ಡ ಕಾರುಗಳು, ಬೆಂಗಳೂರಿನವರೇ ಹೆಚ್ಚು. ನಾನು ಸೋಮವಾರವನ್ನು ನೆನೆದು ಹೋಳಿಗೆಯನ್ನು ತಟ್ಟೆಯಲ್ಲೇ ಮುರಿಯುತ್ತಾ ಕೂತಿದ್ದೆ. ಸೋಫಾದಲ್ಲಿ ಒಬ್ಬರು ಮಾವನನ್ನು ಕೇಳಿದರು, "ಅಂಕಲ್, ಇಲ್ಲಿ ಟೈಮ್ ಪಾಸ್ ಹೇಗೆ?"

"ಐರ್ಲೆಂಡ್ ಸರ್ಕಾರಕ್ಕ ಸ್ವಲ್ಪ ಸಲಹಾ ಕೊಡಾಕತ್ತೀನ್ರಿ," ಅಂದರು ಮಾವ, ಶಂಕರಪಾಳಿ ಕಡಿಯುತ್ತಾ. ಎಲ್ಲರೂ ನಕ್ಕರು. ಗಿರೀಶ ಜೋರಾಗಿಯೇ ನಕ್ಕ. ಅವನಿಗೆ ನಾನಿನ್ನೂ ಏನೂ ಹೇಳಿರಲಿಲ್ಲ.

ಸೋಮವಾರ ನಾನು ಮೆಟ್ಟಿಲು ಹತ್ತಿ ಆಫೀಸಿಗೆ ಬರುವಷ್ಟರಲ್ಲಿ ಕಾಲಿನ್ ಡಬ್ಲಿನ್ನಿನ ಮೇಲ್ ಓದಿ ಮುಗಿಸಿದ್ದ. ಇನ್‌ಸ್ಪೆಕ್ಟರ್ ರಾಚಪ್ಪ ಅವರೊಂದಿಗೆ ನಡೆದ ಮಾತುಕತೆಯ ಹಿನ್ನೆಲೆಯಲ್ಲಿ, ವಿಮಾನವನ್ನು ತಪಾಸಣೆಗೆ ಒಪ್ಪಿಸುವುದಾದರೆ ಮಾತ್ರ ಇಳಿಯಲು ಅನುಮತಿ ಕೊಡಲಾಗುವುದು ಎಂದು ಅದರಲ್ಲಿತ್ತು.

"ಶೈಲಾ, ಈ ರಾಚಪ್ಪ ಯಾರು?" ಕಾಲಿನ್‌ನ ಮುಖ ಬಿಳುಚಿತ್ತು. "ಎಲ್ಲಿಯ ಇನ್‌ಸ್ಪೆಕ್ಟರ್?"

"ಕರ್ನಾಟಕದವರು."

"ಅದು ಯಾವ ಸೇನಾಕೂಟದಲ್ಲಿದೆ?"

ನಮ್ಮ ಮಾವ ಎಂದು ಹೇಳಿದೆ. ಫೋನಿನ ಕಥೆಯನ್ನೂ ಹೇಳಿದೆ. ಕಾಲಿನ್ ಬಿಸ್ಕತ್ತಿನ ಡಬ್ಬಿಗೆ ಕೈ ಹಾಕಿ, ಏನನ್ನೂ ತೆಗೆಯದೆ, ಹಾಗೇ ಕೈ ಒಳಗಿಟ್ಟುಕೊಂಡು ಕೂತ.

"ಮೇಜರ್ ಆಗಲೇ ಫೋನ್ ಮಾಡಿದ್ದ. ಸಿಟ್ಟಿನಲ್ಲಿದ್ದಾನೆ. ಇಷ್ಟು ವರ್ಷ ಯಾರೂ ಒಳಗೆ ನೋಡಿರಲಿಲ್ಲ ಶೈಲಾ. ನೋಡಿದರೆ ಏನಾದರೂ ಕಾಣಿಸುತ್ತೆ. ಅದೇ ನೋಡೋದರ ತೊಂದರೆ." ಆಮೇಲೆ ದನಿ ತಗ್ಗಿಸಿ ಹೇಳಿದ, "ನಾಳೆ ಬೆಳಿಗ್ಗೆ ಡಬ್ಲಿನ್ನಿಗೆ ಬರೆ. ತಪ್ಪು ತಿಳುವಳಿಕೆ ಆಯ್ತು, ಅವರ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ, ತೂಕದ ಬಗ್ಗೆ ನಮಗೆ ಯಾವ ಸಂಶಯವೂ ಇಲ್ಲ ಅಂತ. ಇಲ್ಲದಿದ್ದರೆ ಈ ಗಿರಾಕಿ ಹೋಯ್ತು. ಗಿರಾಕಿ ಹೋದರೆ ನಿನಗೆ ಕೊಡಲು ನನ್ನ ಹತ್ತಿರ ಕೆಲಸ ಇರಲ್ಲ."

ಸಂಜೆ ಮನೆಯಲ್ಲಿ ಊಟದ ಹೊತ್ತಿಗೆ ಎಲ್ಲ ಹೇಳಿದೆ. ಗಿರೀಶ ತಟ್ಟೆ ಸರಿಸಿದ.

"ಅಪ್ಪಾ, ನನಗಂತೂ ಕೆಲಸಿಲ್ಲ. ಆಕಿದೂ ಹೋದ್ರ ಮನಿ ಹೆಂಗ ನಡೀಬೇಕು? ನಿಮಗ ಯಾರ್ ಹೇಳಿದ್ರು ಫೋನ್ ಎತ್ತಾಕ?"

ಮಾವ ಊಟ ಮುಗಿಸಿ ತಟ್ಟೆ ತೊಳೆದಿಟ್ಟರು. ಅನ್ವಿ ಮೇಲೆ ಹೋದ ಬಳಿಕ ಅಡುಗೆಮನೆಗೆ ಬಂದು ನನ್ನ ಪಕ್ಕ ನಿಂತರು.

"ನಾ ಬರದು ಕೊಡ್ತೀನಿ ಬಿಡವಾ. ತಿಳೀಲಾರದ ಮುದುಕ, ಸುಮ್ಮನ ಏನೋ ಮಾತಾಡಿದ ಅಂತ. ಸಹಿ ಹಾಕ್ತೀನಿ. ಆ ನಿಮ್ಮ ಸಾಹೇಬ್ಗ ಅಷ್ಟ ಸಾಕಲ್ಲ?"

ಹಾಗೆ ಬರೆದುಕೊಡುವುದು ಅವರಿಗೆ ಗೊತ್ತಿರುವ ಕೆಲಸ ಅನ್ನುವಂತೆ ಹೇಳಿದರು. ಯಾಕೆ ಅಂದೆ. ಆಗ ಹೇಳಿದರು. ಚೆಕ್‌ಪೋಸ್ಟಿನಲ್ಲಿ ಎಷ್ಟೋ ಲಾರಿ ತಡೆದು, ಬಿಚ್ಚಿ ನೋಡಬೇಕು ಎಂದು ಮೇಲಕ್ಕೆ ಬರೆದಿದ್ದರಂತೆ. ಪ್ರತಿ ಸಲವೂ ಮೇಲಿನಿಂದ ಫೋನ್ ಬರುತ್ತಿತ್ತು, ಬಿಟ್ಟುಬಿಡಿ ಎಂದು. ಬಿಡುತ್ತಿದ್ದರು. ಒಂದು ಸಲ ಬಿಡಲಿಲ್ಲ. ಆಗ ಮೇಲಿನವರು, "ನನ್ನ ಸಂಶಯಕ್ಕೆ ಆಧಾರವಿರಲಿಲ್ಲ" ಎಂದು ಮಾವನ ಕೈಯಿಂದಲೇ ಬರೆಸಿಕೊಂಡು ಲಾರಿ ಬಿಡಿಸಿದರು. ಆ ಲಾರಿಯಲ್ಲಿ ಏನಿತ್ತು ಎಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ.

"ಊರಾಗ ಎಲ್ಲಾರೂ ರಾಚಪ್ಪ ಅಂದ್ರ ಬಾಳ ಸ್ಟ್ರಿಕ್ಟ್ ಅಂತಾರ. ಸ್ಟ್ರಿಕ್ಟ್ ಇದ್ದೆ, ಖರೆ. ಲಾರಿ ಮಾತ್ರ ಎಲ್ಲಾ ಹೋದ್ವು." ಇದನ್ನು ಹೇಳುವಾಗ ಅವರಿಗೇ ನಗು ಬಂತು. ನನಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಕಾಲಿನ್‌ಗೆ ತೋರಿಸಿಯೇ ಡಬ್ಲಿನ್ನಿಗೆ ಬರೆದೆ. ಶುಕ್ರವಾರ ಮಾತಾಡಿದವರು ನನ್ನ ಮಾವ, ನಿವೃತ್ತರು, ನಮ್ಮ ಕಂಪನಿಗೂ ಅವರಿಗೂ ಸಂಬಂಧವಿಲ್ಲ. ಆದರೆ ಆ ತೂಕ ನನಗೂ ಅರ್ಥವಾಗಿಲ್ಲ. ನೀವು ವಿಮಾನ ನೋಡುವುದಾದರೆ ನನ್ನದೇನೂ ಆಕ್ಷೇಪವಿಲ್ಲ. ಇಷ್ಟೇ ಬರೆದದ್ದು. ಕಾಲಿನ್ ನನ್ನ ಹೆಗಲ ಮೇಲಿಂದ ಬಗ್ಗಿ ಓದಿ, "ಇದನ್ನು ನಾನು ನೋಡಿಲ್ಲ" ಎಂದು ಹೇಳಿ ಕೆಳಗಿನ ಕಾರ್ಪೆಟ್ ಅಂಗಡಿಗೆ ಇಳಿದುಹೋದ. ಒಂದು ಗಂಟೆ ಅಲ್ಲೇ ಕಾರ್ಪೆಟ್ ನೋಡುತ್ತಿದ್ದ.

ಓರ್ಲಾ ನಿರ್ಧಾರ ಬದಲಿಸಲಿಲ್ಲ. ತಪಾಸಣೆಗೆ ಒಪ್ಪದಿದ್ದರೆ ಇಳಿಯುವುದು ಬೇಡ ಎಂದು ಎರಡೇ ಸಾಲು ಬರೆದಳು. ಮೇಜರ್ ಎರಡು ದಿನ ಸುಮ್ಮನಿದ್ದರು. ಮೂರನೆಯ ದಿನ, ಒಪ್ಪಿಗೆಯಿದೆ ಎಂಬ ಪತ್ರ ಬಂತು. ಜೊತೆಗೆ ತಿದ್ದಿದ ಸರಕಿನ ವಿವರ. ತೂಕ ಈಗ ಸರಿಯಾಗಿ ಒಂದು ಕಾರಿನಷ್ಟಿತ್ತು. "ಮೆರವಣಿಗೆಗೆ ಅಗತ್ಯವಿಲ್ಲದ ಕೆಲವು ವಾದ್ಯಗಳನ್ನು ಕೈಬಿಡಲಾಗಿದೆ" ಎಂದು ಕೆಳಗೆ ಬರೆದಿದ್ದರು.

ಕಾಲಿನ್ ಅದನ್ನು ಎರಡು ಸಲ ಓದಿದ. ಆಮೇಲೆ ಡಬ್ಬಿಯಿಂದ ಎರಡು ಬಿಸ್ಕತ್ತು ತೆಗೆದು, ಒಂದನ್ನು ನನ್ನ ಮುಂದಿಟ್ಟ. ಆ ಆಫೀಸಿನಲ್ಲಿ ಅವನು ನನಗೆ ಬಿಸ್ಕತ್ತು ಕೊಟ್ಟದ್ದು ಅದೇ ಮೊದಲು.

ವಿಮಾನ ಇಳಿದ ದಿನ ನಾನು ಮನೆಯಲ್ಲಿದ್ದೆ. ಮಾವ ಬೆಳಿಗ್ಗೆಯೇ ಸ್ನಾನ ಮಾಡಿ, ವಿಭೂತಿ ಹಚ್ಚಿ, ಸ್ವೆಟರಿನ ಮೇಲೆ ಕೋಟು ಹಾಕಿ ಫೋನಿನ ಎದುರು ಕೂತಿದ್ದರು. ಮಧ್ಯಾಹ್ನ ಓರ್ಲಾ ಫೋನ್ ಮಾಡಿದಳು. ಡಬ್ಲಿನ್ನಿನಿಂದ ದೇಶದ ಇನ್ನೊಂದು ತುದಿಯವರೆಗೆ ತಾನೇ ಕಾರು ಓಡಿಸಿಕೊಂಡು ವಿಮಾನ ನಿಲ್ದಾಣಕ್ಕೆ ಹೋಗಿದ್ದಳು. ಹಿಂದೆ ಏನೋ ಭಾರೀ ಗದ್ದಲ. ಸ್ಪೀಕರಿಗೆ ಹಾಕಿದೆ.

"ಕೇಳಿಸ್ತಿದೆಯಾ?" ಎಂದು ಕೂಗಿದಳು. "ಬ್ಯಾಂಡು. ನುಡಿಸ್ತಿದ್ದಾರೆ."

ಆದದ್ದು ಇಷ್ಟು. ಹೊರಗೆ ಜಡಿಮಳೆಯಿತ್ತು, ಪೆಟ್ಟಿಗೆಗಳನ್ನೆಲ್ಲ ಒಂದು ಶೆಡ್ಡಿಗೆ ತರಿಸಿ ಬಿಚ್ಚಿದರು. ಓರ್ಲಾಳ ಜೊತೆ ಬಂದಿದ್ದ ಕಸ್ಟಮ್ಸ್ ಅಧಿಕಾರಿ ವಯಸ್ಸಾದವನು, ಚಿಕ್ಕಂದಿನಲ್ಲಿ ಊರ ಬ್ಯಾಂಡಿನಲ್ಲಿ ಊದುತ್ತಿದ್ದವನು. ಟ್ಯೂಬಾದ ಒಳಗೆ ಏನೂ ಅಡಗಿಸಿಲ್ಲ ಅನ್ನುವುದಕ್ಕೆ ಊದಿ ತೋರಿಸಿ ಅಂದ. ಊದಿದರು. ಅವನಿಗೆ ಕೇಳಲು ಚೆನ್ನಾಗಿತ್ತು, ಹಾಗಾಗಿ ಉಳಿದವರೂ ತೋರಿಸಲಿ ಅಂದ. ಒಬ್ಬೊಬ್ಬರೇ ಊದಿ ಬಾರಿಸಿ ತೋರಿಸುವ ಬದಲು ಎಲ್ಲರೂ ಸೇರಿ ಒಂದು ಪೂರ್ತಿ ಹಾಡನ್ನೇ ನುಡಿಸಿದರು. ಎಣ್ಣೆ ತುಂಬುವವರು, ಸಾಮಾನು ಸಾಗಿಸುವವರು ಎಲ್ಲ ಬಂದು ನಿಂತರು. ಈಗ ನಡೆಯುತ್ತಿರುವುದು ಮೂರನೆಯ ಹಾಡಂತೆ.

ಮಾವನಿಗೆ ಹಾಡು ಬೇಕಿರಲಿಲ್ಲ. ಫೋನಿನ ಕಡೆ ಬಾಗಿ ಇಂಗ್ಲಿಷಿನಲ್ಲಿ ಕೇಳಿದರು, "ಮೇಡಂ, ಕೆಳಗಿನದನ್ನು ತೆಗೆಸಿದಿರಾ?"

"ತೆಗೆಸಿದೆ ಇನ್‌ಸ್ಪೆಕ್ಟರ್. ತಾಳವಾದ್ಯ ಅಂತ ಬರೆದಿದ್ದ ಒಂದು ದೊಡ್ಡ ಪೆಟ್ಟಿಗೆಯಲ್ಲಿ ಮನೆಯಲ್ಲಿ ವ್ಯಾಯಾಮ ಮಾಡುವ ಟ್ರೆಡ್‌ಮಿಲ್ ಇತ್ತು. ಅವರ ಜನರಲ್ ಸಾಹೇಬರ ಹೆಂಡತಿಯದಂತೆ, ಅಟ್ಲಾಂಟಿಕ್ ಆಚೆಯಿರುವ ಮಗಳ ಮನೆಗೆ ಹೋಗ್ತಿದೆ. ಅದನ್ನೂ ನಡೆಸಿ ನೋಡಿದೆವು. ಅದು ಟ್ರೆಡ್‌ಮಿಲ್ಲೇ."

"ಆಯುಧ?"

"ಒಂದೂ ಇಲ್ಲ."

ಫೋನಿಟ್ಟ ಮೇಲೆ ಅವರಿಗೆ ಬೇಸರವಾಗಿರಬಹುದೆಂದು ನಾನು, "ಏನೂ ಸಿಗಲಿಲ್ಲ ಮಾವ" ಅಂದೆ.

ಅವರು ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕುತ್ತಿದ್ದರು. "ಸಿಗಲಿಲ್ಲಂದ್ರ ಊರಾಗ ಬಿಟ್ಟು ಬಂದಾರಂತ ಅರ್ಥ. ಇನ್ನೇನ್ ಬೇಕವಾ?" ಎಂದು ಹೇಳಿ ಒಳಗೆ ಹೋಗಿ ಮಲಗಿದರು. ಆ ಮಧ್ಯಾಹ್ನ ಬಹಳ ಹೊತ್ತು ನಿದ್ದೆ ಮಾಡಿದರು.

ಗಿರಾಕಿ ಮುನಿಸಿಕೊಂಡು ಸ್ಟ್ರಾಟ್‌ಫರ್ಡ್ ಕಡೆಯ ಬೇರೊಂದು ಕಂಪನಿಗೆ ಹೋಯಿತು. ಡಿಸೆಂಬರ್ ಪೂರ್ತಿ ಕಾಲಿನ್ ನನಗೆ ವಾರಕ್ಕೆ ಎರಡು ದಿನದ ಕೆಲಸ ಮಾತ್ರ ಕೊಟ್ಟ. ಕ್ರಿಸ್ಮಸ್ಸಿಗೆ ನಾವು ಯಾರಿಗೂ ಏನೂ ಕೊಳ್ಳಲಿಲ್ಲ; ಮಾವ ಅನ್ವಿಗೆ ಎಳ್ಳುಂಡೆ ಕಟ್ಟಿಕೊಟ್ಟರು. ಆದರೆ ಓರ್ಲಾ ಒಮ್ಮೆ ಬಾಗಿಲು ತೆಗೆಸಿದವಳು ಮುಚ್ಚಲಿಲ್ಲ. ಯಾರದೇ ಸೇನಾ ವಿಮಾನವಾಗಲಿ, ತೂಕಕ್ಕೆ ಒಂದೊಂದು ಸಾಮಾನಿನ ಬಾಬುವಾರು ವಿವರ ಬೇಕು, ಬೇಕೆಂದಾಗ ತೋರಿಸಲು ಒಪ್ಪಿಗೆ ಬೇಕು ಎನ್ನತೊಡಗಿದಳು. ಲಂಡನ್ನಿನ ಉಳಿದ ಕಂಪನಿಗಳು ಹಳೆಯ ಪ್ರಕಾರವೇ "ಇಲ್ಲ" ಎಂದು ಬರೆದು ಕಳಿಸಿ, ಎಲ್ಲ ವಾಪಸ್ ಬಂದು, ತಲೆ ಕೆರೆದುಕೊಂಡವು. ಓರ್ಲಾ ಒಪ್ಪುವ ಹಾಗೆ ಬರೆಯಲು ಬರುತ್ತಿದ್ದದ್ದು ನಮಗೆ ಮಾತ್ರ; ಜನವರಿಯಲ್ಲಿ ಮೇಜರ್ ಸಾಹೇಬರು ತಾವಾಗಿಯೇ ಮಹಡಿ ಹತ್ತಿ ವಾಪಸ್ ಬಂದರು. ಕಾಲಿನ್‌ನ ಬಾಯಲ್ಲಿ ಬಿಸ್ಕತ್ತಿತ್ತು, ಹಾಗಾಗಿ ನಾನೇ ಮಾತಾಡಿದೆ. ಫೆಬ್ರವರಿಯಿಂದ ನನ್ನ ಕೆಲಸ ಕಾಯಂ ಆಯಿತು. ಅದೇ ತಿಂಗಳು ಗಿರೀಶನಿಗೂ ಕೆಲಸ ಸಿಕ್ಕಿತು, ಮೊದಲಿಗಿಂತ ಸಂಬಳ ಕಡಿಮೆ, ಆಫೀಸು ಹತ್ತಿರ.

ಕಾಲಿನ್ ಒಂದು ದಿನ ಮಾವನನ್ನು ಆಫೀಸಿಗೆ ಕರೆಸಿ, ಚಹಾ ಕೊಟ್ಟು, ವಾರಕ್ಕೆ ಕೆಲವು ಗಂಟೆ ಬಂದು ನಮ್ಮ ಕಾಗದಪತ್ರ ನೋಡಿಕೊಡಲು ಸಾಧ್ಯವೇ ಎಂದು ಕೇಳಿದ. ಮಾವ ತಮ್ಮ ಪಾಸ್‌ಪೋರ್ಟ್ ತೆಗೆದು, ವಿಸಿಟರ್ ವೀಸಾ ತೋರಿಸಿ, ಇದರ ಮೇಲೆ ಕೆಲಸ ಮಾಡುವುದು ನಿಷಿದ್ಧ ಎಂದು ಗಂಭೀರವಾಗಿ ತಿಳಿಸಿದರು. ಗೊತ್ತಿದ್ದೂ ಕೇಳಿದ್ದಕ್ಕೆ ಕಾಲಿನ್‌ಗೆ ಸಣ್ಣದಾಗಿ ಎಚ್ಚರಿಕೆಯನ್ನೂ ಕೊಟ್ಟರು.

ಮಾವ ಹೊರಡುವ ಹಿಂದಿನ ವಾರ ಓರ್ಲಾ ಲಂಡನ್ನಿಗೆ ಬಂದಳು. ಅವಳ ತಂಗಿಯ ಮನೆ ನಮ್ಮಿಂದ ದೂರವಿರಲಿಲ್ಲ. ಊಟಕ್ಕೆ ಕರೆದೆ. ಫೋನಿನ ದನಿ ಕೇಳಿ ನಾನು ತೆಳ್ಳಗಿನ ಹುಡುಗಿಯನ್ನು ಊಹಿಸಿದ್ದೆ; ಬಂದವಳು ನರೆಗೂದಲಿನ ಎತ್ತರದ ಹೆಂಗಸು. ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತಂತೆ. ಮಾವ ಬಾಗಿಲಲ್ಲೇ ಅವಳ ಕೈಚೀಲದ ಕಡೆ ಒಮ್ಮೆ ನೋಡಿ, ತಮ್ಮನ್ನು ತಾವು ತಡೆದುಕೊಂಡರು. ರೊಟ್ಟಿ, ಎಣ್ಣೆಗಾಯಿ, ಮೊಸರು ಬಡಿಸಿದೆ. ಖಾರಕ್ಕೆ ಅವಳ ಕಣ್ಣಲ್ಲಿ ನೀರು ಬಂದರೂ ಬಿಡದೆ ತಿಂದಳು.

ಬಹಳ ದಿನದಿಂದ ಮನಸ್ಸಿನಲ್ಲಿದ್ದುದನ್ನು ನಾನು ಹೇಳಿದೆ. "ಆ ಶುಕ್ರವಾರ ನಿಮಗೆ ತಪ್ಪು ತಿಳುವಳಿಕೆ ಆಯ್ತಲ್ಲ, ನಾನು ಬಟ್ಟೆ ತೆಗೆಯಲು ಹೋಗಬಾರದಿತ್ತು."

"ಯಾವ ತಪ್ಪು ತಿಳುವಳಿಕೆ?" ಅಂದಳು ಓರ್ಲಾ. "ಅವರು ಮೊದಲ ವಾಕ್ಯದಲ್ಲೇ ಹೇಳಿದರು, ನಾನು ಶೈಲಾಳ ಮಾವ, ನಿವೃತ್ತ ಇನ್‌ಸ್ಪೆಕ್ಟರ್ ಅಂತ."

"ಗೊತ್ತಿದ್ದೂ ಬರೆದಿರಾ?"

"ಆ ಕುರ್ಚಿಯಲ್ಲಿ ಕೂತಾಗಿನಿಂದ ನಾನೂ ಅದನ್ನೇ ಹೇಳುತ್ತಿದ್ದೆ, ಒಮ್ಮೆ ಒಳಗೆ ನೋಡೋಣ ಅಂತ. ಮೇಲಿನವರು, ಯಾರು ಕೇಳ್ತಿದ್ದಾರೆ ಓರ್ಲಾ, ನೀನೊಬ್ಬಳೇ ತಾನೇ, ಅನ್ನುತ್ತಿದ್ದರು. ಅವತ್ತು ಮೊದಲ ಸಲ ಇನ್ನೊಬ್ಬರೂ ಹೇಳಿದರು. ಅದೂ ಒಬ್ಬ ಇನ್‌ಸ್ಪೆಕ್ಟರ್. ಫೈಲಿನಲ್ಲಿ ಬರೆದೆ. ನಿವೃತ್ತ ಅಂತಲೂ ಬರೆದೆ, ಸ್ವಲ್ಪ ಸಣ್ಣ ಅಕ್ಷರದಲ್ಲಿ. ಮೇಲಿನವರು ಸಣ್ಣ ಅಕ್ಷರ ಓದುವುದಿಲ್ಲ."

ಮಾವ ಅಲ್ಲಿಯವರೆಗೆ ರೊಟ್ಟಿ ಮುರಿಯುತ್ತಾ ತಲೆ ತಗ್ಗಿಸಿ ಕೇಳುತ್ತಿದ್ದರು. ಈಗ ಕೈ ನಿಲ್ಲಿಸಿ ಇಂಗ್ಲಿಷಿನಲ್ಲಿ ಕೇಳಿದರು, "ಮೇಡಂ, ನನ್ನ ಸಲಹೆಯ ಕೆಳಗೆ ಏನೆಂದು ಷರಾ ಬರೆದಿರಿ?"

ಅವಳು ಹೇಳಿದಳು. ಇಂಗ್ಲಿಷಿನಲ್ಲಿ ನಾಲ್ಕೈದು ಶಬ್ದ. ಮಾವನಿಗೆ ಅರ್ಥವಾಯಿತೆಂದು ನನಗೆ ಗೊತ್ತಾಯಿತು. ಆದರೂ ಅವರು ನನ್ನ ಕಡೆ ತಿರುಗಿದರು.

"ಕನ್ನಡದಾಗ ಹೇಳವಾ."

"ಸಲಹೆಯಂತೆ ಕ್ರಮ ಕೈಗೊಳ್ಳಲಾಗಿದೆ," ಅಂದೆ.

"ಇನ್ನೊಮ್ಮೆ ಹೇಳು."

ಹೇಳಿದೆ. ಮಾವ ಎದ್ದು, ಒಲೆಯ ಬಳಿ ಮುಚ್ಚಿಟ್ಟಿದ್ದ ಬಿಸಿ ರೊಟ್ಟಿ ತಂದು, ಬೇಡ ಬೇಡವೆನ್ನುತ್ತಿದ್ದ ಓರ್ಲಾಳ ತಟ್ಟೆಗೆ ಎರಡು ಹಾಕಿದರು.